ಟವಲು ಹಾಕಿದ ಜಾಗ

ಪುಣೆಯಲ್ಲಿ ನೆಲೆಸಿದ ಕನ್ನಡಿಗರಿಗೆ ಸ್ವಾರಗೇಟವನ್ನು ಪರಿಚಯ ಮಾಡಿಕೊಡುವುದೆಂದರೆ ಸೋಲಾಪುರದವರ ಮುಂದೆ ಚಾದರದ ವರ್ಣನೆ ಮಾಡಿದಂತೆ. ನಮ್ಮಲ್ಲಿ ಅನೇಕರು ಈ ಊರಿನ ನೆಲವನ್ನು ಮೊದಲು ಮೆಟ್ಟಿದ್ದು ಅಲ್ಲಿಯ ಬಸ್ ನಿಲ್ದಾಣದಲ್ಲಿ. ಊರಿಗೆ ಹೋಗುವಾಗ ಬಾಕರವಡಿಯ ಪೊಟ್ಟಣ ಹಿಡಿದು ಹತ್ತುವುದೂ ಅಲ್ಲಿಯೇ, ಬರುವಾಗ ಜೋಳದ ಹಿಟ್ಟು, ಶೇಂಗಾದ ಹಿಂಡಿ ಹೊತ್ತು ಇಳಿಯುವುದೂ ಅಲ್ಲಿಯೇ. ದೀಪಾವಳಿಯ ಮುನ್ನಾದಿನ ಅಲ್ಲಿ ನಿಂತವರೆಲ್ಲ ಒಂದು ಕಾಯಿದೆಯನ್ನು ಬಲ್ಲರು. ಬಸ್ಸು ಪೂರ್ತಿ ನಿಲ್ಲುವ ಮೊದಲೇ ಕಿಟಕಿಯಿಂದ ಕೈ ತೂರಿಸಿ ಸೀಟಿನ ಮೇಲೆ ಟವಲು ಹಾಕಿದವನಿಗೆ ಆ ಸೀಟು ಸಲ್ಲತಕ್ಕದ್ದು. ಟವಲು ಕುಳಿತ ಜಾಗದಲ್ಲಿ ಮನುಷ್ಯ ಕೂಡ್ರುವಂತಿಲ್ಲ. ಇದನ್ನು ಯಾವ ಸರಕಾರವೂ ಶಾಸನ ಮಾಡಿಲ್ಲ. ಆದರೂ ಇದರಷ್ಟು ಮರ್ಯಾದೆಯಿಂದ ಜನರು ಪಾಲಿಸುವ ಶಾಸನಗಳು ನಮ್ಮ ದೇಶದಲ್ಲಿ ಹೆಚ್ಚಿಲ್ಲ.

ಕಂಪ್ಯೂಟರಿಗೆ ಅಪ್ಪಣೆ ಕೊಡುವ ಭಾಷೆಗಳಲ್ಲಿಯೂ ಹೀಗೆ ಟವಲು ಹಾಕುವ ಪದ್ಧತಿ ಉಂಟೆಂದು ನಮಗೆ ತಿಳಿದದ್ದು ನಮ್ಮ ಮಗಳಿಂದ. ಅವಳು ಹಿಂಜವಡಿಯ ಒಂದು ಕಂಪನಿಯಲ್ಲಿ ಜಾವಾ ಎಂಬ ಭಾಷೆಯಲ್ಲಿ ಕೆಲಸ ಮಾಡುತ್ತಾಳೆ. ನಾವಿಬ್ಬರೂ, ಅಂದರೆ ಗಂಡಹೆಂಡಿರು, ಈ ವಿದ್ಯೆಯಲ್ಲಿ ಶುದ್ಧ ನಿರಕ್ಷರಿಗಳು. ಆದರೆ ಮನೆಯಲ್ಲಿ ಒಬ್ಬರು ಅಜ್ಜಿ ಇದ್ದಾರೆ. ನಮ್ಮಿಬ್ಬರಲ್ಲಿ ಒಬ್ಬರಿಗೆ ಅವರು ತಾಯಿ, ಇನ್ನೊಬ್ಬರಿಗೆ ಅತ್ತೆ. ಎಂಬತ್ತು ದಾಟಿದ್ದರೂ ಮೊಮ್ಮಗಳ ಕೆಲಸವೇನೆಂದು ತಿಳಿಯದೆ ಊಟಕ್ಕೆ ಏಳುವವರಲ್ಲ. ಅವರ ಪ್ರಶ್ನೆಗಳಿಗೆ ಮಗಳು ಹೇಳಿದ ಉತ್ತರಗಳನ್ನು ಪಕ್ಕದಲ್ಲಿ ಕುಳಿತು ಕೇಳಿದ್ದೇ ನಮ್ಮ ಪಾಂಡಿತ್ಯ. ಆ ವಿಷಯವನ್ನು ಇಲ್ಲಿ ಬರೆಯಲು ಕಾರಣ, ಅದೇ ಸಮಯಕ್ಕೆ ಅಜ್ಜಿಯ ಸ್ವಂತ ಹೆಸರಿಗೇ ಒಂದು ತೊಡಕು ಬಂದು, ಕಂಪ್ಯೂಟರಿನ ಮಾತು ಮನೆಯ ಮಾತಾಯಿತು.

ಮೊದಲು ಕಂಪ್ಯೂಟರಿನ ಮಾತು. ಇಂಥ ಭಾಷೆಯಲ್ಲಿ ಬರೆಯುವವನು ತನಗೆ ಬೇಕಾದ ವಸ್ತುಗಳಿಗೆ ತಾನೇ ಹೆಸರಿಟ್ಟುಕೊಳ್ಳಬಹುದು. ಸಂಬಳವನ್ನು 'ಸಂಬಳ' ಎನ್ನಬಹುದು, 'ಪಗಾರ' ಎನ್ನಬಹುದು. ಆದರೆ ಕೆಲವು ಮಾತುಗಳನ್ನು ಭಾಷೆ ತನಗಾಗಿಯೇ ಕಾಯ್ದಿಟ್ಟುಕೊಂಡಿರುತ್ತದೆ. ಅವನ್ನು ಬೇರೆ ಯಾರೂ ಮುಟ್ಟುವಂತಿಲ್ಲ. 'ಇದ್ದರೆ', 'ಇಲ್ಲದಿದ್ದರೆ', 'ಮರಳಿಸು' ಎಂಬ ಅರ್ಥದ ಮಾತುಗಳು ಇಂಥವು. ಡಬ್ಬಿಯಲ್ಲಿ ಏನಿದೆಯೆಂದು ಸೂಚಿಸುವ ಮಾತುಗಳಲ್ಲಿಯೂ ಹೀಗೆ ಮೀಸಲಾದವು ಉಂಟು. ನಮ್ಮ ಅಡಿಗೆಮನೆಯ ಮಾಡದಲ್ಲಿ ಒಂದು ಡಬ್ಬಿಗೆ 'ತೊಗರಿಬೇಳೆ', ಇನ್ನೊಂದಕ್ಕೆ 'ರವೆ' ಎಂದು ಚೀಟಿ ಅಂಟಿಸುವಂತೆ, ಅಲ್ಲಿಯೂ ಒಂದು ಡಬ್ಬಿಯಲ್ಲಿ ಪೂರ್ಣಾಂಕ, ಇನ್ನೊಂದರಲ್ಲಿ ದಶಾಂಶ, ಮತ್ತೊಂದರಲ್ಲಿ ಅಕ್ಷರಗಳ ಸಾಲು ಎಂದು ಮೊದಲೇ ಹೇಳಬೇಕು. ಈ ಚೀಟಿಯ ಹೆಸರಿಗೆ ಅವರು ಟೈಪ್ ಎನ್ನುತ್ತಾರೆ. ನಾವು ಬಗೆ ಎನ್ನೋಣ.

ಭಾಷೆ ಹುಟ್ಟಿದ ದಿನ ಎಲ್ಲವೂ ಸುಲಭ. ಇನ್ನೂ ಯಾರೂ ಬಸ್ಸು ಹತ್ತಿಲ್ಲ. ಬೇಕಾದ ಸೀಟು ಹಿಡಿಯಬಹುದು. ತೊಂದರೆ ಬರುವುದು ಹತ್ತು ಇಪ್ಪತ್ತು ವರ್ಷಗಳ ಮೇಲೆ. ಅಷ್ಟರಲ್ಲಿ ಲಕ್ಷಾಂತರ ಜನ ಆ ಭಾಷೆಯಲ್ಲಿ ಬರೆದಿರುತ್ತಾರೆ. ಬ್ಯಾಂಕಿನ ಲೆಕ್ಕ, ರೈಲಿನ ಟಿಕೀಟು, ವಿಮೆಯ ಕಂತು ಎಲ್ಲ ಅದರ ಮೇಲೆ ನಡೆದಿರುತ್ತವೆ. ಆಗ ಭಾಷೆಯವರಿಗೆ ಒಂದು ಹೊಸ ಮಾತು ಬೇಕಾಗುತ್ತದೆ. ಆ ಮಾತನ್ನು ಯಾರೋ ಪುಣ್ಯಾತ್ಮನು ತನ್ನ ಲೆಕ್ಕದಲ್ಲಿ ಯಾವುದೋ ಡಬ್ಬಿಗೆ ಆಗಲೇ ಹೆಸರಾಗಿ ಇಟ್ಟುಬಿಟ್ಟಿದ್ದರೆ? ಭಾಷೆಯ ಹೊಸ ಆವೃತ್ತಿ ಬಂದ ದಿನ ಅವನ ಹಳೆಯ ಬರಹ ನಿಂತುಹೋಗುತ್ತದೆ. ಅವನು ಒಂದಕ್ಷರವನ್ನೂ ತಿದ್ದಿಲ್ಲ. ಆದರೂ ನಿನ್ನೆ ಸರಿಯಾಗಿದ್ದದ್ದು ಇಂದು ತಪ್ಪಾಯಿತು. ಹೀಗಾಗದಂತೆ, ಹಳೆಯದು ಹೊಸದರಲ್ಲಿಯೂ ನಡೆಯುವಂತೆ ನೋಡಿಕೊಳ್ಳುವುದಕ್ಕೆ ಬ್ಯಾಕ್‌ವರ್ಡ್ ಕಂಪ್ಯಾಟಿಬಿಲಿಟಿ ಎಂದು ದೊಡ್ಡ ಹೆಸರಿದೆ. ಹಿಂದಿನವರೊಡನೆ ಹೊಂದಿಕೊಂಡು ಹೋಗುವುದು ಎಂದರೆ ಸಾಕು.

ಜಾವಾದ ಚರಿತ್ರೆಯಲ್ಲಿ ಇದನ್ನು ಸಾಧಿಸಲು ಮೂರು ಬಗೆಯ ಉಪಾಯಗಳು ಕಾಣುತ್ತವೆ. ಈ ಭಾಷೆಯನ್ನು ಅಮೆರಿಕದ ಸನ್ ಮೈಕ್ರೋಸಿಸ್ಟಮ್ಸ್ ಕಂಪನಿ 1995ರಲ್ಲಿ ಪ್ರಕಟಿಸಿತು. ಅದರ ಜನಕ ಜೇಮ್ಸ್ ಗಾಸ್ಲಿಂಗ್. ಅದಕ್ಕೆ ತೊಟ್ಟಿಲಲ್ಲಿಟ್ಟ ಹೆಸರು 'ಓಕ್'. ಆ ಹೆಸರು ಬೇರೆಯವರ ವ್ಯಾಪಾರಮುದ್ರೆಯಾಗಿತ್ತಾದ್ದರಿಂದ ಬಿಟ್ಟುಕೊಡಬೇಕಾಯಿತು. ಸ್ವಂತ ಹೆಸರನ್ನೇ ಟವಲು ಹಾಕಿದವನಿಗೆ ಬಿಟ್ಟುಕೊಟ್ಟ ಭಾಷೆಯಿದು!

ಮೊದಲ ಉಪಾಯ, ಮುಂಚೆಯೇ ಟವಲು ಹಾಕಿಡುವುದು. 'ಗೋಟು' ಮತ್ತು 'ಕಾನ್‌ಸ್ಟ್' ಎಂಬ ಎರಡು ಮಾತುಗಳನ್ನು ಜಾವಾ ಆರಂಭದಲ್ಲಿಯೇ ಮೀಸಲಾಗಿ ಇಟ್ಟುಕೊಂಡಿತು. ಮೂವತ್ತು ವರ್ಷಗಳಾದವು, ಇಂದಿಗೂ ಅವಕ್ಕೆ ಯಾವ ಕೆಲಸವನ್ನೂ ಕೊಟ್ಟಿಲ್ಲ. ಸೀಟು ಖಾಲಿ, ಟವಲು ಭದ್ರ. 'ಸಿ' ಎಂಬ ಹಿರಿಯ ಭಾಷೆಯವರಂತೂ ಒಂದು ಬೆಂಚನ್ನೇ ಹಿಡಿದರು. ಅಡಿಗೆರೆಯಿಂದ ಆರಂಭವಾಗಿ ಅದರ ಬೆನ್ನಿಗೆ ದೊಡ್ಡಕ್ಷರ ಬರುವ ಹೆಸರುಗಳೆಲ್ಲ ತಮ್ಮವೆಂದರು. ಹೌದು-ಅಲ್ಲ ಎಂಬ ಎರಡೇ ಉತ್ತರಗಳನ್ನು ಹಿಡಿದಿಡುವ ಡಬ್ಬಿಗೆ 1999ರಲ್ಲಿ ಬಗೆಯ ಹೆಸರು ಬೇಕಾದಾಗ ಆ ಬೆಂಚಿನಿಂದ ಅಡಿಗೆರೆಯ 'ಬೂಲ್' ಎಂಬುದನ್ನು ತೆಗೆದುಕೊಂಡರು. ಏಕೆಂದರೆ ಗೆರೆಯಿಲ್ಲದ 'ಬೂಲ್' ಅನೇಕರ ಬರಹಗಳಲ್ಲಿ ಆಗಲೇ ಕುಳಿತಿತ್ತು. ಗೆರೆಯಿಲ್ಲದ ಹೆಸರು ಆ ಭಾಷೆಯ ಸ್ವಂತ ಮಾತಾದದ್ದು 2024ರಲ್ಲಿ ಪ್ರಕಟವಾದ ಆವೃತ್ತಿಯಲ್ಲಿ. ಇಪ್ಪತ್ತೈದು ವರ್ಷ ಕಾದು ಪಡೆದ ಸೀಟು!

ಎರಡನೆಯ ಉಪಾಯ, ಕುಳಿತವನನ್ನು ಎಬ್ಬಿಸುವುದು. 2004ರಲ್ಲಿ ಜಾವಾದ ಐದನೆಯ ಆವೃತ್ತಿ 'ಈನಮ್' ಎಂಬುದನ್ನು ಮೀಸಲು ಮಾತಾಗಿ ಮಾಡಿತು. ಅದಕ್ಕೆ ಮೊದಲು ಎಷ್ಟೋ ಜನರು ತಮ್ಮ ಬರಹಗಳಲ್ಲಿ ಅದನ್ನೇ ಡಬ್ಬಿಯ ಹೆಸರಾಗಿ ಇಟ್ಟಿದ್ದರು. ಅವರೆಲ್ಲ ಎದ್ದು ಬೇರೆ ಜಾಗ ನೋಡಿಕೊಳ್ಳಬೇಕಾಯಿತು.

ಮೂರನೆಯದು ಜಾಣತನದ್ದು. 2018ರ ಮಾರ್ಚಿನಲ್ಲಿ ಬಂದ ಹತ್ತನೆಯ ಆವೃತ್ತಿಯಲ್ಲಿ 'ವಾರ್' ಎಂಬ ಹೊಸ ಮಾತು ಸೇರಿತು. ಭರಣಿ ಗಾಜಿನದಾಗಿ ಒಳಗಿನ ಉಪ್ಪಿನಕಾಯಿ ಹೊರಗೇ ಕಾಣುತ್ತಿದ್ದರೆ ಚೀಟಿ ಏಕೆ? ಅಂಥಲ್ಲಿ ಬಗೆಯನ್ನು ಬರೆಯದೆ 'ವಾರ್' ಎಂದರೆ ಸಾಕು, ಕಂಪ್ಯೂಟರು ತಾನೇ ಅರಿತುಕೊಳ್ಳುತ್ತದೆ. ಆದರೆ 'ವಾರ್' ಎಂಬ ಹೆಸರನ್ನು ಜನರು ತಮ್ಮ ಡಬ್ಬಿಗಳಿಗೆ ಇಟ್ಟುಕೊಂಡದ್ದೂ ಉಂಟು. ಆದ್ದರಿಂದ ಅದನ್ನು ಪೂರ್ತಿ ಮೀಸಲು ಮಾಡಲಿಲ್ಲ. ಬಗೆಯ ಹೆಸರಾಗಿ ಮಾತ್ರ ಮೀಸಲೆಂದರು. ಡಬ್ಬಿಗೆ 'ವಾರ್' ಎಂದು ಹೆಸರಿಟ್ಟವನು ಮೊದಲಿನಂತೆಯೇ ಇರಬಹುದು. ಹೊಸದೊಂದು ಬಗೆಯನ್ನು ಮಾಡಿ ಅದಕ್ಕೆ 'ವಾರ್' ಎನ್ನುವಂತಿಲ್ಲ, ಅಷ್ಟೆ. ಜಾವಾದವರು ಬಗೆಯ ಹೆಸರನ್ನು ದೊಡ್ಡಕ್ಷರದಿಂದ ಆರಂಭಿಸುವುದು ವಾಡಿಕೆಯಾದ್ದರಿಂದ ಸಣ್ಣಕ್ಷರದ 'ವಾರ್' ಎಂಬ ಬಗೆ ಇದ್ದದ್ದು ಇಲ್ಲವೆನ್ನುವಷ್ಟು ವಿರಳ. ಹೀಗೆ ಹೊಸಬನೂ ಬಂದ, ಹಳಬರೂ ಏಳಲಿಲ್ಲ.

ಇದನ್ನು ಕೇಳಿ ಅಜ್ಜಿ, "ಹಂಗಾರ ನಿಮ್ಮ ಭಾಷಾ ಮಾಡಿದವರು ಶಾಣ್ಯಾರು. ನಮ್ಮ ಮಂದೀಗೆ ಇಷ್ಟು ತಿಳೀಲಿಲ್ಲ ನೋಡು, ತಂಗೀ," ಎಂದರು. ಅವರ ಮನಸ್ಸಿನಲ್ಲಿ ಇದ್ದುದೇನೆಂದು ನಮಗೆ ಗೊತ್ತಿತ್ತು.

ಅಜ್ಜಿ ಹುಟ್ಟಿದ್ದು 1943ರಲ್ಲಿ, ಬಿಜಾಪುರ ಜಿಲ್ಲೆಯ ಒಂದು ಹಳ್ಳಿಯಲ್ಲಿ. ಅದು ಆಗ ಮುಂಬಯಿ ಪ್ರಾಂತ. 1956ರ ಬೇಸಿಗೆಯಲ್ಲಿ ಮುಲ್ಕಿ ಪರೀಕ್ಷೆ ಪಾಸಾದಾಗ ಅದು ಮುಂಬಯಿ ರಾಜ್ಯ. ಆ ವರ್ಷದ ನವೆಂಬರ್ 1ಕ್ಕೆ ಮೈಸೂರು ರಾಜ್ಯವಾಯಿತು. 1973ರ ನವೆಂಬರ್ 1ಕ್ಕೆ ಕರ್ನಾಟಕವಾಯಿತು. 2014ರ ನವೆಂಬರ್ 1ಕ್ಕೆ ಕರ್ನಾಟಕದ ಹನ್ನೆರಡು ಊರುಗಳ ಹೆಸರು ಬದಲಾದಾಗ ಬಿಜಾಪುರ ವಿಜಯಪುರವಾಯಿತು. ಇಷ್ಟಾದರೂ ಅವರು ಹುಟ್ಟಿದ ಮನೆ ಒಂದು ಗೇಣೂ ಅತ್ತಿತ್ತ ಸರಿದಿಲ್ಲ. ಊರಿನ ಹೆಸರು ಬದಲಾದದ್ದರಿಂದ ಅವರಿಗೇನೂ ನಷ್ಟವಾಗಲಿಲ್ಲ. ಸರಕಾರ ಹೆಸರು ಬದಲಿಸುವಾಗ ಹಳೆಯ ಹೆಸರಿನ ಕಾಗದಗಳು ಇನ್ನು ನಡೆಯವು ಎನ್ನುವುದಿಲ್ಲ. ರೈಲಿನವರು ಇಂದಿಗೂ ಹುಬ್ಬಳ್ಳಿಯನ್ನು 'ಯುಬಿಎಲ್' ಎಂದೂ ಬೆಳಗಾವಿಯನ್ನು 'ಬಿಜಿಎಂ' ಎಂದೂ ಗುರುತಿಸುತ್ತಾರೆ. ನಮ್ಮ ಪುಣೆಯ ವಿಮಾನ ನಿಲ್ದಾಣದ ಗುರುತು 'ಪಿಎನ್‌ಕ್ಯೂ'. ಅದರಲ್ಲಿ ಹಳೆಯ 'ಪೂನಾ' ಇನ್ನೂ ಅಡಗಿ ಕುಳಿತಿದೆ. ಮುಂಬಯಿಯ ಉಚ್ಚ ನ್ಯಾಯಾಲಯ ಈಗಲೂ ಬಾಂಬೇ ಹೈಕೋರ್ಟೇ. ಸ್ವಾರಗೇಟವನ್ನೇ ನೋಡಿರಿ. ಕುದುರೆ ಸವಾರರು ಕಾವಲಿದ್ದ ನಾಕೆಯಾದ್ದರಿಂದ ಆ ಹೆಸರು ಬಂತೆಂದು ಹೇಳುತ್ತಾರೆ. ಇಂದು ಅಲ್ಲಿ ಸವಾರನೂ ಇಲ್ಲ, ಗೇಟೂ ಇಲ್ಲ. ಚೌಕಕ್ಕೆ ದೇಶಭಕ್ತ ಕೇಶವರಾವ ಜೇಧೆಯವರ ಹೆಸರಿಟ್ಟಿದ್ದಾರೆ. ಆದರೆ ರಿಕ್ಷಾದವನಿಗೆ 'ಸ್ವಾರಗೇಟ' ಎಂದರೇ ತಿಳಿಯುವುದು. 2024ರ ಸೆಪ್ಟೆಂಬರಿನಲ್ಲಿ ನೆಲದಡಿಯ ಮೆಟ್ರೋ ಅಲ್ಲಿಗೆ ಬಂದಾಗಲೂ ನಿಲ್ದಾಣಕ್ಕೆ ಆ ಹೆಸರನ್ನೇ ಉಳಿಸಿದರು.

ಊರುಗಳಿಗೆ ಸಿಕ್ಕ ಈ ದಾಕ್ಷಿಣ್ಯ ಹೆಣ್ಣುಮಕ್ಕಳಿಗೆ ಸಿಗಲಿಲ್ಲ. ಅಜ್ಜಿಗೆ ತವರಿನಲ್ಲಿ ಇಟ್ಟದ್ದು ಒಂದು ನದಿಯ ಹೆಸರು. ಹದಿನೇಳು ವರ್ಷ ಅದೇ ಹೆಸರಿನಿಂದ ಕರೆಸಿಕೊಂಡು, ಅದೇ ಹೆಸರಿನಲ್ಲಿ ಮುಲ್ಕಿ ಪಾಸಾಗಿ, 1960ರಲ್ಲಿ ಮದುವೆಯಾದರು. ನಮ್ಮ ಕಡೆಯ ಪದ್ಧತಿಯಂತೆ ಮದುವೆಯಲ್ಲಿ ತಟ್ಟೆಯ ಅಕ್ಕಿಯ ಮೇಲೆ ಉಂಗುರದಿಂದ ಹೊಸ ಹೆಸರು ಬರೆದರು. ಅದು ದೇವಿಯ ಹೆಸರು. ಅಂದಿನಿಂದ ಪಡಿತರ ಚೀಟಿ, ಬ್ಯಾಂಕಿನ ಪುಸ್ತಕ, ಮತದಾರರ ಯಾದಿ, ಆಧಾರ್ ಎಲ್ಲದರಲ್ಲಿಯೂ ದೇವಿಯೇ. ನದಿ ಆ ಅಕ್ಕಿಯಲ್ಲಿಯೇ ಇಂಗಿತು. ಜಾವಾದ ಭಾಷೆಯಲ್ಲಿ ಹೇಳುವುದಾದರೆ ಇದು ಎರಡನೆಯ ಉಪಾಯ: ಕುಳಿತವರನ್ನು ಎಬ್ಬಿಸುವುದು.

ತೊಡಕು ಬಂದದ್ದು ಹೀಗೆ. ಅಜ್ಜಿಯ ತಂದೆ ತೀರಿಕೊಂಡಾಗ ತಲಾಟಿಯು ಹೊಲದ ಉತಾರದಲ್ಲಿ ವಾರಸುದಾರರ ಹೆಸರು ಬರೆದುಕೊಂಡಿದ್ದ. ಊರಿನವರಿಗೆ ಗೊತ್ತಿದ್ದುದು ತವರಿನ ಹೆಸರು, ಅದನ್ನೇ ಬರೆದ. ಈಗ ಅಜ್ಜಿಯ ಅಣ್ಣನ ಮಕ್ಕಳು ವಾಟಣಿ ಮಾಡಿಕೊಳ್ಳಬೇಕೆಂದರು. ಅವರು ಒಳ್ಳೆಯವರು, ದುಡಿಯುವವರು. ಅಜ್ಜಿ ತಮ್ಮ ಹಕ್ಕು ಬಿಟ್ಟುಕೊಡಲು ಮನಸಾರೆ ಸಿದ್ಧರಿದ್ದರು. ಆದರೆ ಕಾಗದ ಹೋದ ಕಚೇರಿಯಲ್ಲಿ, ಉತಾರದಲ್ಲಿರುವ ಹೆಂಗಸು ಬೇರೆ, ಆಧಾರಿನಲ್ಲಿರುವ ಹೆಂಗಸು ಬೇರೆ ಎಂದು ಹಿಂದಕ್ಕೆ ಕಳಿಸಿದರು. ಹಕ್ಕು ಬೇಕೆನ್ನುವವರು ಮಗಳೆಂದು ಸಾಧಿಸಬೇಕಾದದ್ದು ನ್ಯಾಯ, ಬೇಡವೆನ್ನುವವರೂ ಸಾಧಿಸಬೇಕೆಂದರೆ! ಆ ದಿನ ಅಜ್ಜಿ ಊಟ ಮಾಡುವಾಗ ಹೆಚ್ಚು ಮಾತಾಡಲಿಲ್ಲ. ಕೈ ತೊಳೆದ ಮೇಲೆ, "ನಾ ನಮ್ಮಪ್ಪನ ಮಗಳು ಅಲ್ಲ ಅಂದರಂತ," ಎಂದಷ್ಟೇ ಹೇಳಿದರು.

ಅಂದು ರಾತ್ರಿ ಮಗಳು ತನ್ನ ಕಂಪ್ಯೂಟರು ತಂದು ಅಜ್ಜಿಯ ಪಕ್ಕದಲ್ಲಿ ಕುಳಿತು, "ಅಜ್ಜೀ, ನಿಮ್ಮಂಗನ ಹೆಸರು ತಪ್ಪಿದ ಒಂದು ಕನ್ನಡ ಅಕ್ಷರ ಐತಿ, ನೋಡ್ತೀರೇನು?" ಎಂದಳು. ಅದು ನಮಗೂ ಹೊಸ ಸಂಗತಿಯಾಗಿತ್ತು. ಕನ್ನಡದ ವಾಚಕರೆಲ್ಲ ತಿಳಿದಿರಬೇಕಾದದ್ದಾದ್ದರಿಂದ ಸ್ವಲ್ಪ ವಿಸ್ತರಿಸಿ ಬರೆಯುತ್ತೇವೆ.

ಹಳಗನ್ನಡದಲ್ಲಿ 'ೞ' ಎಂಬ ಅಕ್ಷರವಿತ್ತು. ಮಳೆ ಆಗ 'ಮೞೆ', ಬಾಳೆ 'ಬಾೞೆ', ಕೋಳಿ 'ಕೋೞಿ'. ತಮಿಳರಲ್ಲಿಯೂ ಮಲಯಾಳಿಗಳಲ್ಲಿಯೂ ಆ ಅಕ್ಷರ ಇಂದಿಗೂ ಬದುಕಿದೆ. ನಮ್ಮಲ್ಲಿ ಅದು ಬಹಳ ಹಿಂದೆಯೇ 'ಳ'ದಲ್ಲಿ ಕರಗಿತು. ಹದಿಮೂರನೆಯ ಶತಮಾನದ ಕೇಶಿರಾಜ ಶಬ್ದಮಣಿದರ್ಪಣದಲ್ಲಿ ಆ ಅಕ್ಷರವಿರುವ ಪದಗಳನ್ನು ಎಣಿಸಿ ಹೇಳುತ್ತಾನೆ. ನಾಲಗೆಯಿಂದ ಜಾರುತ್ತಿರುವುದನ್ನು ಪಟ್ಟಿಯಲ್ಲಾದರೂ ಉಳಿಸುವ ಕೆಲಸವದು.

ಈಗ ಕಂಪ್ಯೂಟರಿನಲ್ಲಿ ಲೋಕದ ಲಿಪಿಗಳಿಗೆಲ್ಲ ಒಂದೇ ಯಾದಿಯುಂಟು. ಅದರ ಹೆಸರು ಯೂನಿಕೋಡ್. ಅದರಲ್ಲಿ ಪ್ರತಿಯೊಂದು ಅಕ್ಷರಕ್ಕೆ ಒಂದು ಮನೆ ನಂಬರು, ಒಂದು ಇಂಗ್ಲಿಷ್ ಹೆಸರು. ಕನ್ನಡದ ಓಣಿ 3200ನೆಯ ನಂಬರಿನಿಂದ 3327ರವರೆಗೆ. ಒಟ್ಟು 128 ಮನೆಗಳು. 'ಕ' ಇರುವುದು 3221ರಲ್ಲಿ. ಭಾರತ ಸರಕಾರದ ಹಿಂದಿನ ಒಂದು ಸಂಕೇತಪದ್ಧತಿಯನ್ನು ಅನುಸರಿಸಿ ಭಾರತದ ಲಿಪಿಗಳ ಓಣಿಗಳನ್ನು ಒಂದೇ ನಕಾಶೆಯಂತೆ ಕಟ್ಟಿದ್ದಾರೆ. ದೇವನಾಗರಿಯ ಓಣಿಯಲ್ಲಿ 'ಕ' ಎಷ್ಟನೆಯ ಮನೆಯೋ ಕನ್ನಡದಲ್ಲಿಯೂ ಅಷ್ಟನೆಯದೇ. ಒಂದು ಲಿಪಿಯಲ್ಲಿ ಇಲ್ಲದ ಅಕ್ಷರದ ಮನೆ ಆ ಓಣಿಯಲ್ಲಿ ಖಾಲಿ. ಈ ಲೆಕ್ಕದಲ್ಲಿ ನಮ್ಮ 'ೞ'ಕ್ಕೆ 3252ನೆಯ ಮನೆ ಸಲ್ಲಬೇಕಿತ್ತು. ದೇವನಾಗರಿಯಲ್ಲಿ ಅದರ ಜೊತೆಯ ಅಕ್ಷರ ಅದೇ ಸ್ಥಾನದಲ್ಲಿದೆ. ಆದರೆ ಕನ್ನಡದಲ್ಲಿ ಆ ಮನೆ ಖಾಲಿಯಿದ್ದು, 'ೞ' ವಾಸವಾಗಿರುವುದು 3294ರಲ್ಲಿ. ದೇವನಾಗರಿಯ ಓಣಿಯಲ್ಲಿ ಅದೇ ಸ್ಥಾನದ ಮನೆಯವರು ಯಾರು ಬಲ್ಲಿರಾ? 'ಫಕೀರ', 'ಫರಕು' ಎನ್ನುವಾಗ ಬರುವ ಚುಕ್ಕೆಯ 'ಫ'. ಕನ್ನಡದ ಅಕ್ಷರಕ್ಕೂ ಅದೇ ಹೆಸರು ಬಿದ್ದಿತು. ಮೞೆ, ಬಾೞೆಗಳ 'ೞ' ಲೋಕದ ಯಾದಿಯಲ್ಲಿ 'ಕನ್ನಡ ಅಕ್ಷರ ಫ' ಎಂದು ದಾಖಲಾಯಿತು!

ತಪ್ಪು ಎಲ್ಲರಿಗೂ ತಿಳಿದಿದೆ, ತಿದ್ದಿದರಾಯಿತಲ್ಲ ಎನ್ನುತ್ತೀರಿ. ತಿದ್ದುವಂತಿಲ್ಲ. ಯೂನಿಕೋಡಿನವರು ತಮ್ಮ ಎರಡನೆಯ ಆವೃತ್ತಿಯಿಂದ, ಅಂದರೆ 1996ರಿಂದ, ಒಮ್ಮೆ ಕೊಟ್ಟ ಹೆಸರನ್ನು ಎಂದಿಗೂ ಬದಲಿಸೆವೆಂದು ಮಾತು ಕೊಟ್ಟಿದ್ದಾರೆ. ಆ ಹೆಸರುಗಳನ್ನೇ ನೆಚ್ಚಿಕೊಂಡ ಬರಹಗಳು ಲೋಕದ ಯಾವ ಮೂಲೆಯಲ್ಲಿ ಎಷ್ಟಿವೆಯೋ. ಒಂದು ಹೆಸರು ಬದಲಾದರೂ ಅವು ಮುರಿಯಬಹುದು. ಹಾಗೆಂದು ತಪ್ಪು ಹೆಸರಿನಲ್ಲಿಯೇ ಅಕ್ಷರವನ್ನು ಬಿಟ್ಟುಬಿಡಲೂ ಇಲ್ಲ. ಅವರು ಇನ್ನೊಂದು ಯಾದಿ ಮಾಡಿ, ಅದರಲ್ಲಿ 'ೞ'ದ ಸರಿಯಾದ ಹೆಸರನ್ನು ಅಧಿಕೃತ ಪರ್ಯಾಯವೆಂದು, ತಿದ್ದುಪಡಿಯೆಂದು ಬರೆದಿಟ್ಟರು. ಹಳೆಯದನ್ನು ಅಳಿಸಲಿಲ್ಲ, ಅದರ ಪಕ್ಕದಲ್ಲಿ ಸತ್ಯವನ್ನು ಕೂಡಿಸಿದರು.

ಅಜ್ಜಿ ಆ ಅಕ್ಷರವನ್ನು ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದರು. "ಅಂದ್ರ ಇದಕ್ಕೂ 'ಉರ್ಫ್' ಹಚ್ಚ್ಯಾರ," ಎಂದರು.

ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಹೌದು, ನಮ್ಮ ಕಡೆಯ ಹಳೆಯ ಖರೀದಿಪತ್ರಗಳಲ್ಲಿ, ಮರಾಠಿ ದಸ್ತೈವಜುಗಳಲ್ಲಿ ನೂರಾರು ವರ್ಷಗಳಿಂದ ಇರುವ ಮಾತು 'ಉರ್ಫ್'. ಇಂಥವನು ಉರ್ಫ್ ಇಂಥವನು. ಎರಡು ಹೆಸರು, ಒಬ್ಬನೇ ಮನುಷ್ಯ. ಕಂಪ್ಯೂಟರಿನ ಪಂಡಿತರು ಮುಟ್ಟಿದ ಉಪಾಯ ನಮ್ಮ ಅರ್ಜಿ ಬರೆಯುವವರ ಲೆಕ್ಕಣಿಕೆಯಲ್ಲಿ ಮೊದಲೇ ಇತ್ತು.

ಮುಂದಿನ ವಾರ ಮುಲ್ಕಿಯ ಸರ್ಟಿಫಿಕೇಟು ಹುಡುಕಿದೆವು. ಅದು ಅಜ್ಜಿಯ ಟ್ರಂಕಿನಲ್ಲಿ, ಮದುವೆಯ ಇಳಕಲ್ ಸೀರೆಯ ಮಡಿಕೆಯಲ್ಲಿ, ಅರವತ್ತು ವರ್ಷ ಭದ್ರವಾಗಿತ್ತು. ಅದರಲ್ಲಿ ನದಿಯ ಹೆಸರು, ತಂದೆಯ ಹೆಸರು, ಹುಟ್ಟಿದ ತಾರೀಖು ಎಲ್ಲವೂ ಇದ್ದವು. ಆಧಾರಿನ ತಾರೀಖಿಗೆ ಅದು ತಾಳೆಯಾಯಿತು. ಸ್ವಾರಗೇಟದಿಂದ ಮೆಟ್ರೋ ಹತ್ತಿ ಜಿಲ್ಲಾ ನ್ಯಾಯಾಲಯದ ನಿಲ್ದಾಣದಲ್ಲಿಳಿದು, ವಕೀಲರೊಬ್ಬರಿಂದ ಪ್ರತಿಜ್ಞಾಪತ್ರ ಬರೆಸಿದೆವು. ವಕೀಲರು ರೂಢಿಯಂತೆ ಆಧಾರಿನ ಹೆಸರನ್ನು ಮೊದಲು ಬರೆದು ತವರಿನ ಹೆಸರನ್ನು ಉರ್ಫ್ ಎಂದು ಹಾಕಿದ್ದರು. ಅಜ್ಜಿ ಓದಿಸಿ ಕೇಳಿ, ಮೊದಲಿನದು ಮೊದಲು ಬರಬೇಕೆಂದರು. ಕಾನೂನಿಗೆ ಎರಡೂ ಒಂದೇ ಎಂದು ವಕೀಲರು ನಕ್ಕು, ಕಾಗದವನ್ನು ಮತ್ತೆ ಟೈಪು ಮಾಡಿಸಿಕೊಟ್ಟರು. ಅಜ್ಜಿ ಎರಡೂ ಹೆಸರಿನಲ್ಲಿ ಸಹಿ ಮಾಡಿದರು. ತವರಿನ ಹೆಸರನ್ನು ಬರೆದು ಅರವತ್ತು ವರ್ಷಕ್ಕೆ ಮಿಕ್ಕಿತ್ತು. ಹಿಂದಿನ ರಾತ್ರಿ ಕ್ಯಾಲೆಂಡರಿನ ಬೆನ್ನ ಮೇಲೆ ಅವರು ಅದನ್ನು ಇಪ್ಪತ್ತು ಸಲ ಬರೆದು ಕೈ ಕುದುರಿಸಿಕೊಂಡಿದ್ದರೆಂದು ನಮಗೆ ಆಮೇಲೆ ಆ ಕ್ಯಾಲೆಂಡರು ತೆಗೆಯುವಾಗ ತಿಳಿಯಿತು.

ಕಾಗದ ಸಿದ್ಧವಾದ ಮೇಲೆ ಅಣ್ಣನ ಮಗ ಹಕ್ಕುಬಿಡುಗಡೆಯ ಪತ್ರ ತೆಗೆದುಕೊಂಡು ಪುಣೆಗೆ ಬಂದ. ಊಟವಾಯಿತು. ಅಜ್ಜಿ ಪತ್ರವನ್ನು ಮಡಿಚಿ ಅವನ ಕೈಗೆ ಕೊಟ್ಟು, "ಇದನ್ನ ಸ್ವಲ್ಪ ತಿದ್ದಿಸಿಕೊಂಡು ಬಾರಪಾ. ಎಲ್ಲಾ ನಿಮಗ ಇರಲಿ. ಹತ್ತು ಗುಂಟೆ ಅಷ್ಟ ನನ್ನ ಹೆಸರಿಲೆ ಬಿಡ್ರಿ. ಬೆಳಿ ನೀವ ತಿನ್ರಿ, ನನಗೇನೂ ಕಳಿಸಬ್ಯಾಡ್ರಿ. ಆ ಊರಾಗ ನನ್ನ ಹೆಸರು ಇನ್ನೆಲ್ಲೂ ಇಲ್ಲ," ಎಂದರು. ಅವನು ಒಂದು ಗಳಿಗೆ ಸುಮ್ಮನಿದ್ದು, "ಆಗಲಿ ಅತ್ತೀ, ನಿಮ್ಮ ಮನಸ್ಸಿನಂಗ ಆಗಲಿ," ಎಂದು ಕಾಲಿಗೆ ನಮಸ್ಕಾರ ಮಾಡಿದ. ಈಗ ಉತಾರದಲ್ಲಿ ಹತ್ತು ಗುಂಟೆ ಹೊಲದ ಮುಂದೆ ನದಿಯ ಹೆಸರು, ಉರ್ಫ್ ದೇವಿಯ ಹೆಸರು.

ಹೀಗೆಂದ ಮಾತ್ರಕ್ಕೆ ಹಳೆಯದನ್ನೆಲ್ಲ ಹೊತ್ತು ನಡೆಯಬೇಕೆಂದು ನಮ್ಮ ವಾದವಲ್ಲ. ಮಗಳೂ ಹಾಗೆ ಹೇಳುವುದಿಲ್ಲ. ಹಳೆಯವರ ಮುಲಾಜಿಗೆ ಕಟ್ಟುಬಿದ್ದ ಭಾಷೆಗೆ ಮೈ ಭಾರವಾಗುತ್ತದೆ; ತಪ್ಪುಗಳೂ ಅದರಲ್ಲಿ ಪಿತ್ರಾರ್ಜಿತವಾಗಿ ಉಳಿಯುತ್ತವೆ. ಪೈಥಾನ್ ಎಂಬ ಇನ್ನೊಂದು ಭಾಷೆಯವರು 2008ರಲ್ಲಿ ಧೈರ್ಯ ಮಾಡಿ, ಹಳೆಯದರೊಡನೆ ಹೊಂದದ ಮೂರನೆಯ ಆವೃತ್ತಿಯನ್ನು ಹೊರತಂದರು. ಭಾಷೆ ಹಸನಾಯಿತು. ಆದರೆ ಜನರನ್ನು ಹಳೆಯ ಮನೆಯಿಂದ ಹೊಸದಕ್ಕೆ ಸಾಗಿಸಲು ವರ್ಷಗಳೇ ಹಿಡಿದು, ಹಳೆಯ ಆವೃತ್ತಿಯ ಪೋಷಣೆ ನಿಲ್ಲಿಸಿದ್ದು 2020ರ ಜನವರಿ 1ರಂದು. ಮುರಿಯಲೇಬೇಕಾದದ್ದನ್ನು ಮುರಿಯುವವರು ಹನ್ನೊಂದು ವರ್ಷ ಎರಡು ಮನೆಗಳ ದೀಪಕ್ಕೂ ಎಣ್ಣೆ ಹಾಕಿದರು. ಆ ತಾಳ್ಮೆಯೂ ಒಂದು ಬಗೆಯ ಮರ್ಯಾದೆಯೇ.

ಮದುವೆಯ ಅಕ್ಕಿಯಲ್ಲಿ ಹೆಸರು ಬದಲಿಸುವ ಪದ್ಧತಿಯನ್ನು ನಮ್ಮ ಮನೆಯಲ್ಲಿ ಈಗ ಕೈಬಿಟ್ಟಿದ್ದೇವೆ. ಎರಡು ವರ್ಷದ ಹಿಂದೆ ಮಗಳ ಮದುವೆಯಾದಾಗ ಪುರೋಹಿತರು ತಟ್ಟೆಯಲ್ಲಿ ಅಕ್ಕಿ ಹರವಿ ಉಂಗುರ ಕೊಟ್ಟರು. ಅಳಿಯನು ಅವಳ ಇದ್ದ ಹೆಸರನ್ನೇ ಬರೆದ. ಶಾಸ್ತ್ರವೂ ನಡೆಯಿತು, ಸರ್ಟಿಫಿಕೇಟುಗಳೂ ಉಳಿದವು. ಹಳೆಯ ತಟ್ಟೆಯಲ್ಲಿ ಹೊಸ ಅರ್ಥ. ಇದು ಜಾವಾದವರ ಮೂರನೆಯ ಉಪಾಯಕ್ಕೆ ದೂರದ ನಂಟಾದೀತು.

ನಾಡು ಬಿಟ್ಟು ಬಂದ ನಮ್ಮಂಥವರಿಗೆ ಈ ವಿಷಯ ಬರಿಯ ಕುತೂಹಲದ್ದಲ್ಲ. ಇಲ್ಲಿಯ ಅರ್ಜಿಗಳಲ್ಲಿ ಸ್ವಂತ ಹೆಸರು, ತಂದೆಯ ಅಥವಾ ಗಂಡನ ಹೆಸರು, ಅಡ್ಡಹೆಸರು ಎಂದು ಮೂರು ಖಾನೆಗಳು ಸಿದ್ಧವಾಗಿರುತ್ತವೆ. ಧಾರವಾಡದ ಕಡೆಯವರಿಗೆ ಹೇಗೋ ಹೊಂದುತ್ತದೆ. ಮೈಸೂರಿನ ಕಡೆಯವರು ಊರು, ತಂದೆಗಳನ್ನು ಎರಡು ಇನಿಷಿಯಲ್‌ಗಳಲ್ಲಿ ಅಡಗಿಸಿಕೊಂಡು ಬಂದವರು, ಮೂರನೆಯ ಖಾನೆಯ ಮುಂದೆ ಪೆನ್ನು ಹಿಡಿದು ನಿಲ್ಲುತ್ತಾರೆ. ಆ ಅವಸರದಲ್ಲಿ ಬರೆದದ್ದು ಮಕ್ಕಳ ಶಾಲೆಗೆ, ಅಲ್ಲಿಂದ ಪಾಸ್‌ಪೋರ್ಟಿಗೆ, ಅಲ್ಲಿಂದ ಪರದೇಶಕ್ಕೆ ಹೋಗಿ ಮೊಮ್ಮಕ್ಕಳ ಅಡ್ಡಹೆಸರಾಗುತ್ತದೆ. ಊರಿನಲ್ಲಿ ಉಳಿದ ಕಾಗದಕ್ಕೂ ಇಲ್ಲಿಯ ಕಾಗದಕ್ಕೂ ನಡುವೆ ಸೇತುವೆಯಾಗಿ ಉಳಿಯುವುದು ಎರಡನ್ನೂ ಬಲ್ಲ ಒಬ್ಬ ಹಿರಿಯರು ಮಾತ್ರ. ಅವರಿರುವಾಗಲೇ ಆ ಕೆಲಸ ಮುಗಿಸಬೇಕು.

ಆದ್ದರಿಂದ ನಮ್ಮ ಸಂಘದ ಬಂಧುಗಳಲ್ಲಿ ಒಂದು ವಿಜ್ಞಾಪನೆ. ಮನೆಯಲ್ಲಿ ತಾಯಿಯೋ ಅತ್ತೆಯೋ ಅಜ್ಜಿಯೋ ಇದ್ದರೆ ಒಂದು ಸಂಜೆ ಬಿಡುವು ಮಾಡಿಕೊಂಡು ಅವರ ತವರಿನ ಹೆಸರೇನೆಂದು ಕೇಳಿರಿ. ಹುಟ್ಟಿದ ಊರು, ಆಗಿನ ತಾಲೂಕು, ಓದಿದ ಶಾಲೆ, ಮದುವೆಯ ವರ್ಷ ಇಷ್ಟನ್ನು ಒಂದು ಹಾಳೆಯಲ್ಲಿ ಬರೆದುಕೊಳ್ಳಿರಿ. ಶಾಲೆಯ ಕಾಗದವಿದ್ದರೆ ಅದರ ಫೋಟೋ ತೆಗೆದಿಡಿರಿ. ಎರಡು ಹೆಸರಿದ್ದರೆ ಪ್ರತಿಜ್ಞಾಪತ್ರ ಮಾಡಿಸಿಡಿರಿ. ಖರ್ಚು ಹೆಚ್ಚಿಲ್ಲ, ಅರ್ಧ ದಿನದ ಕೆಲಸ. ಕಚೇರಿಗೆ ಅದು ಬೇಕಾದೀತು, ಬೇಡವಾದೀತು. ಹಿರಿಯರ ಬಾಯಿಂದ ಆ ಹೆಸರು ಹೊರಡುವಾಗ ಮನೆಯ ಮಕ್ಕಳು ಹತ್ತಿರದಲ್ಲಿ ಕುಳಿತಿರಲಿ.